ಹೊಸ ಕೃತಿಗೆ ಜಾಮೀನು ನಿಂತವರು



1784ರ ಮಾರ್ಚ್ ತಿಂಗಳಲ್ಲಿ ಮೊಜಾರ್ಟ್ ವಿಯೆನ್ನಾ ನಗರದಿಂದ ತನ್ನ ತಂದೆಗೆ ಒಂದು ಕಾಗದ ಬರೆದ. ಅದರ ಜೊತೆಗೆ ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿ 174 ಹೆಸರು. ಮೊಜಾರ್ಟ್ ನಡೆಸುತ್ತಿದ್ದ ಮೂರು ಕಚೇರಿಗಳಿಗೆ ಮುಂಗಡವಾಗಿ ಚಂದಾ ಕೊಟ್ಟವರು ಅವರು. ಅವರು ಹೆಸರು ಕೊಟ್ಟಾಗ, ಅವನು ಆ ಕಚೇರಿಗಳಿಗೆಂದು ಬರೆಯುತ್ತಿದ್ದ ಪಿಯಾನೋ ಕೃತಿಗಳನ್ನು ಊರಿನಲ್ಲಿ ಇನ್ನೂ ಯಾರೂ ಕೇಳಿರಲಿಲ್ಲ; ಕೆಲವುಗಳ ಮಸಿಯೇ ಆರಿರಲಿಲ್ಲ. ಆದರೂ 174 ಜನ ಹಣ ಕಟ್ಟಿದ್ದರು.

ಐದು ವರ್ಷ ಕಳೆಯಿತು. 1789ರಲ್ಲಿ ಮೊಜಾರ್ಟ್ ಮತ್ತೆ ಚಂದಾ ಪಟ್ಟಿ ಕಳಿಸಿದ. ಎರಡು ವಾರವಾದರೂ ಅದರಲ್ಲಿ ಬಿದ್ದದ್ದು ಒಂದೇ ಒಂದು ಹೆಸರು. ಅದು ಬ್ಯಾರನ್ ವಾನ್ ಸ್ವೀಟನ್ ಎಂಬ ಹಳೆಯ ಸಂಗೀತಪ್ರೇಮಿಯದು. ಆಸ್ಟ್ರಿಯಾ ಆಗ ತುರ್ಕಿಯೊಡನೆ ಯುದ್ಧದಲ್ಲಿತ್ತು, ಊರಿನ ದೊಡ್ಡ ಮನೆತನಗಳ ಕೈ ಬಿಗಿಯಾಗಿತ್ತು. ಈ ಎರಡು ಪಟ್ಟಿಗಳ ನಡುವಿನ ವರ್ಷಗಳಲ್ಲಿ ಮೊಜಾರ್ಟನ ಸಂಗೀತವೇನೂ ಸೊರಗಿರಲಿಲ್ಲ. ಅವನ ಕೊನೆಯ ಮೂರು ಮಹಾ ಸಿಂಫನಿಗಳು ಹುಟ್ಟಿದ್ದು 1788ರ ಬೇಸಗೆಯಲ್ಲೇ. ಕೃತಿ ಎಷ್ಟೇ ದೊಡ್ಡದಿರಲಿ, ಅದರ ಬೆನ್ನಿಗೆ ನಿಲ್ಲುವ ಜನ ಇಲ್ಲದಿದ್ದರೆ ಕಚೇರಿ ನಡೆಯುವುದಿಲ್ಲ.

ಪಾಶ್ಚಾತ್ಯ ಸಿಂಫನಿ ಆರ್ಕೆಸ್ಟ್ರಾಗಳು ವರ್ಷವರ್ಷವೂ ನಡೆಸುವ ಕಚೇರಿ ಋತು, ಆ ಋತುವಿಗೆ ಬರುವ ಅತಿಥಿ ಕಲಾವಿದರು, ಇವೆಲ್ಲದರ ಖರ್ಚಿಗೆ, ನಷ್ಟಕ್ಕೆ ಜಾಮೀನು ನಿಲ್ಲುವವರು: ಇಂದು ನಾನು ಹೇಳಲಿರುವುದು ಇವರ ವಿಷಯ. ಉದಾಹರಣೆಗೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಆ ಆರ್ಕೆಸ್ಟ್ರಾದ ಮೊದಲ ವರ್ಷಗಳಲ್ಲಿ ಅದರ ಕೈ ಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು.

ಮೊದಲು ಋತು ಎಂದರೇನು ಎಂದು ನೋಡೋಣ. ಯೂರೋಪಿನಲ್ಲಿ ಬೇಸಗೆ ಮುಗಿದು ಚಳಿ ಇಣುಕುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ, ಕಚೇರಿಗಳು ಶುರುವಾಗುತ್ತವೆ. ಮುಂದಿನ ಮೇ, ಜೂನ್‌ವರೆಗೆ ನಡೆಯುತ್ತವೆ. ಯಾವ ರಾತ್ರಿ ಯಾವ ಕೃತಿ, ಯಾರ ನಿರ್ದೇಶನ, ಯಾರು ಅತಿಥಿ ಎನ್ನುವುದು ಎರಡು ಮೂರು ವರ್ಷ ಮೊದಲೇ ಗೊತ್ತುಮಾಡಬೇಕು, ಏಕೆಂದರೆ ಹೆಸರಾಂತ ಪಿಟೀಲುವಾದಕರ, ಪಿಯಾನೋವಾದಕರ ದಿನಗಳು ಅಷ್ಟು ಮುಂಚೆಯೇ ತುಂಬಿಹೋಗಿರುತ್ತವೆ. ಒಂದು ಸಂಜೆಯ ಕಟ್ಟು ಬಹುಮಟ್ಟಿಗೆ ಹೀಗಿರುತ್ತದೆ: ಮೊದಲಿಗೆ ಹತ್ತು ಹದಿನೈದು ನಿಮಿಷದ ಒಂದು ಚಿಕ್ಕ ಕೃತಿ, ಆಮೇಲೆ ಅತಿಥಿ ಬಂದು ಆರ್ಕೆಸ್ಟ್ರಾದೊಡನೆ ನುಡಿಸುವ ಕನ್ಸರ್ಟೊ, ವಿರಾಮ, ವಿರಾಮದ ನಂತರ ಅತಿಥಿಯಿಲ್ಲದೆ ಇಡೀ ಆರ್ಕೆಸ್ಟ್ರಾ ನುಡಿಸುವ ಸಿಂಫನಿ.

ಈ ಕಟ್ಟಿನೊಳಗೆ ಒಂದು ಲೆಕ್ಕಾಚಾರ ಅಡಗಿದೆ. ಜನ ಟಿಕೆಟ್ ಕೊಳ್ಳುವುದು ಹೆಚ್ಚಾಗಿ ಅತಿಥಿಯ ಹೆಸರು ನೋಡಿ. ಆ ಹೆಸರಿಗಾಗಿ ಬಂದು ಕೂತವರ ಕಿವಿಗೆ ಅದೇ ಸಂಜೆ ಅವರು ಕೇಳರಿಯದ ಒಂದು ಕೃತಿಯೂ ಬೀಳುತ್ತದೆ. ಒಳ್ಳೆಯ ಆರ್ಕೆಸ್ಟ್ರಾ ಈ ಅವಕಾಶವನ್ನು ಬಿಡುವುದಿಲ್ಲ.

ಲಂಡನ್ನಿನಲ್ಲಿ ಇಂಥ ಋತುವಿಗೆ ಗಟ್ಟಿ ನೆಲೆ ಒದಗಿಸಿದ್ದು 1813ರಲ್ಲಿ ಸಂಗೀತಗಾರರೇ ಸೇರಿ ಕಟ್ಟಿದ ಫಿಲ್‌ಹಾರ್ಮೋನಿಕ್ ಸೊಸೈಟಿ. ಅದು ಬೇತೋವನ್‌ಗೆ 50 ಪೌಂಡ್ ಕೊಟ್ಟು ಹೊಸದೊಂದು ಸಿಂಫನಿ ಬರೆಸಿಕೊಂಡಿತು. ಆ ಸಿಂಫನಿಯೇ ಒಂಬತ್ತನೆಯದು. 1827ರಲ್ಲಿ ಬೇತೋವನ್ ಹಾಸಿಗೆ ಹಿಡಿದಾಗ 100 ಪೌಂಡ್ ಕಳಿಸಿದ್ದೂ ಇದೇ ಸೊಸೈಟಿ.

ಇದೇ ಸೊಸೈಟಿಯ 1844ರ ಋತುವಿನಲ್ಲಿ ಮೆಂಡೆಲ್ಸನ್ ಅತಿಥಿ ನಿರ್ದೇಶಕನಾಗಿ ಬಂದಿದ್ದ. ಜೊತೆಗೆ ಯೋಸೆಫ್ ಯೋಆಕಿಮ್ ಎಂಬ ಹುಡುಗನನ್ನು ಕರೆತಂದ. ಹುಡುಗನಿಗೆ ಇನ್ನೂ ಹನ್ನೆರಡು ವರ್ಷ. ಬಾಲಪ್ರತಿಭೆಗಳನ್ನು ವೇದಿಕೆಗೆ ಹತ್ತಿಸಬಾರದೆಂಬ ಸೊಸೈಟಿಯ ಕಟ್ಟಳೆ ಅವನಿಗಾಗಿ ಸಡಿಲವಾಯಿತು. ಮೇ 27ರಂದು ಆ ಹುಡುಗ ಬೇತೋವನ್ನನ ಪಿಟೀಲು ಕನ್ಸರ್ಟೊ ನುಡಿಸಿದ. 1806ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಬಂದ ಮೇಲೆ ಆ ಕೃತಿಯನ್ನು ಕೈಗೆತ್ತಿಕೊಂಡವರು ಬಹಳ ಕಡಿಮೆ. ಲಂಡನ್ನಿನ ಆ ಸಂಜೆಯಿಂದ ಅದು ಮತ್ತೆ ಬದುಕಿತು. ಇಂದು ಆ ಕನ್ಸರ್ಟೊ ನುಡಿಸದ ದೊಡ್ಡ ಪಿಟೀಲುವಾದಕರೇ ಇಲ್ಲ. ಒಬ್ಬ ಅತಿಥಿ, ಅವನನ್ನು ನಂಬಿದ ಒಬ್ಬ ನಿರ್ದೇಶಕ, ಕಟ್ಟಳೆ ಬದಿಗಿಡಲು ಒಪ್ಪಿದ ಒಂದು ಸಂಸ್ಥೆ ಸೇರಿದ್ದರಿಂದ ಇದು ಆಯಿತು.

ಈ ಕನ್ಸರ್ಟೊ ಎಂಬ ಪ್ರಕಾರದ ಬಗ್ಗೆ ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಒಂದೆರಡು ಮಾತು ಹೇಳಬೇಕು. ಇಲ್ಲಿ ಅತಿಥಿ ಒಂದು ಕಡೆ, ಎಂಬತ್ತು ತೊಂಬತ್ತು ವಾದಕರು ಇನ್ನೊಂದು ಕಡೆ. ಆದರೆ ಆ ಎಂಬತ್ತು ಮಂದಿ ಪಕ್ಕವಾದ್ಯದವರಲ್ಲ. ಅನೇಕ ಕನ್ಸರ್ಟೊಗಳಲ್ಲಿ ಮುಖ್ಯ ರಾಗಭಾಗಗಳನ್ನು ಮೊದಲು ಎತ್ತುವುದೇ ಆರ್ಕೆಸ್ಟ್ರಾ. ಅತಿಥಿ ಕೆಲವು ನಿಮಿಷ ಸುಮ್ಮನೆ ನಿಂತು ಕೇಳಬೇಕು. ಆಮೇಲೆ ಅತಿಥಿ ಒಂದು ಮಾತು ಹೇಳಿದರೆ ಕ್ಲಾರಿನೆಟ್ ಅದಕ್ಕೆ ಉತ್ತರ ಕೊಡುತ್ತದೆ, ಚೆಲ್ಲೋಗಳು ಅದನ್ನು ಕೆಳಗಿನ ಸ್ಥಾಯಿಗೆ ಒಯ್ಯುತ್ತವೆ. ಕೃತಿಯ ಒಂದು ಭಾಗದ ಕೊನೆಯ ಹೊತ್ತಿಗೆ ಇಡೀ ಆರ್ಕೆಸ್ಟ್ರಾ ನಿಂತು, ಅತಿಥಿಯೊಬ್ಬರೇ ನುಡಿಸುವ ಭಾಗ ಬರುತ್ತದೆ. ಅದಕ್ಕೆ ಕಡೆಂಜಾ ಎನ್ನುತ್ತಾರೆ. ನಮ್ಮಲ್ಲಿ ತನಿ ಆವರ್ತನದ ಹೊತ್ತಿಗೆ ಗಾಯಕರು ಸುಮ್ಮನಾಗಿ ಮೃದಂಗದವರಿಗೆ ವೇದಿಕೆ ಬಿಟ್ಟುಕೊಡುತ್ತಾರೆ. ಅಲ್ಲಿ ಇಡೀ ಸಮೂಹ ಒಬ್ಬರಿಗಾಗಿ ಸುಮ್ಮನಾಗುತ್ತದೆ. ಮೊಜಾರ್ಟನ ಕಾಲದಲ್ಲಿ ಕಡೆಂಜಾ ಎಂದರೆ ಮನೋಧರ್ಮ, ಆ ಗಳಿಗೆಯಲ್ಲಿ ಹುಟ್ಟಬೇಕಾದದ್ದು. ಈಗ ಬಹುತೇಕ ಎಲ್ಲರೂ ಮೊದಲೇ ಬರೆದಿಟ್ಟದ್ದನ್ನು ನುಡಿಸುತ್ತಾರೆ.

ಇಷ್ಟು ಸೂಕ್ಷ್ಮವಾದ ಮಾತುಕತೆಗೆ ಸಿಗುವ ಅಭ್ಯಾಸದ ಸಮಯ ಬಹಳ ಕಡಿಮೆ. ಅತಿಥಿ ಬಹಳ ಸಲ ಕಚೇರಿಗೆ ಒಂದೆರಡು ದಿನ ಮೊದಲು ಊರಿಗೆ ಬರುತ್ತಾರೆ. ನಿರ್ದೇಶಕರ ಜೊತೆ ಕೂತು ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಆರ್ಕೆಸ್ಟ್ರಾದೊಡನೆ ಒಂದೆರಡು ಸಲ ನುಡಿಸುತ್ತಾರೆ. ಉಳಿದದ್ದು ವೇದಿಕೆಯ ಮೇಲೆ, ಕಿವಿಯ ಬಲದಿಂದ. ಆದ್ದರಿಂದಲೇ ಅತಿಥಿ ಎಷ್ಟೇ ದೊಡ್ಡವರಾಗಲಿ, ವರ್ಷವಿಡೀ ಒಟ್ಟಿಗೆ ನುಡಿಸಿ ಪಳಗಿದ ಆರ್ಕೆಸ್ಟ್ರಾ ಇಲ್ಲದೆ ಕನ್ಸರ್ಟೊ ನಿಲ್ಲುವುದಿಲ್ಲ.

ಈಗ ಫಿಲ್‌ಹಾರ್ಮೋನಿಯಾದ ಕಡೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ವಾಲ್ಟರ್ ಲೆಗ್ ಎನ್ನುವವರು ಇದನ್ನು ಕಟ್ಟಿದರು. ಅವರು ಇಎಂಐ ಗ್ರಾಮಫೋನ್ ಕಂಪನಿಯಲ್ಲಿ ರೆಕಾರ್ಡಿಂಗ್ ನಿರ್ಮಾಪಕರಾಗಿದ್ದರು. ಅಕ್ಟೋಬರ್ 27ರಂದು ಕಿಂಗ್ಸ್‌ವೇ ಹಾಲ್‌ನಲ್ಲಿ ಮೊದಲ ಕಚೇರಿ. ಸರ್ ಥಾಮಸ್ ಬೀಚಮ್ ನಿರ್ದೇಶಕರು, ಪೂರ್ತಿ ಮೊಜಾರ್ಟ್. ಸಂಭಾವನೆಯೆಂದು ಬೀಚಮ್ ಪಡೆದದ್ದು ಒಂದು ಚುಟ್ಟಾ ಮಾತ್ರ. ಆರ್ಕೆಸ್ಟ್ರಾ ತನ್ನ ಅಧೀನಕ್ಕೆ ಬರಬೇಕೆಂದು ಬೀಚಮ್ ಬಯಸಿದರು, ಲೆಗ್ ಒಪ್ಪಲಿಲ್ಲ. ಬೀಚಮ್ ಮರುವರ್ಷ ರಾಯಲ್ ಫಿಲ್‌ಹಾರ್ಮೋನಿಕ್ ಎಂಬ ಬೇರೆಯೇ ಆರ್ಕೆಸ್ಟ್ರಾ ಕಟ್ಟಿಕೊಂಡರು.

ಗ್ರಾಮಫೋನ್ ತಟ್ಟೆಗಳಿಗಾಗಿ ನುಡಿಸಿ ಫಿಲ್‌ಹಾರ್ಮೋನಿಯಾ ಹೊಟ್ಟೆ ಹೊರೆದುಕೊಳ್ಳಬಹುದಿತ್ತು. ಜನರೆದುರು ಋತು ನಡೆಸಲು ಅಷ್ಟು ಸಾಲದು. ಸಭಾಂಗಣದ ಬಾಡಿಗೆ, ಅತಿಥಿಗಳ ಸಂಭಾವನೆ, ಹೆಚ್ಚಿನ ಅಭ್ಯಾಸದ ಕೂಲಿ, ಇವನ್ನೆಲ್ಲ ಭರಿಸುವವರು ಬೇಕು. ಇದರ ಮೇಲೆ ಜನರಿಗೆ ಪರಿಚಯವಿಲ್ಲದ ಕೃತಿ ಇಟ್ಟರೆ ಖಾಲಿ ಕುರ್ಚಿಗಳ ಭಯ. ಆ ಹೊತ್ತಿನಲ್ಲಿ ನೆರವು ಬಂದದ್ದು ಮೈಸೂರಿನಿಂದ.

ಜಯಚಾಮರಾಜೇಂದ್ರ ಒಡೆಯರನ್ನು ನಾವು ವಾಗ್ಗೇಯಕಾರರೆಂದು ಬಲ್ಲೆವು. ಶ್ರೀವಿದ್ಯಾ ಅಂಕಿತದ ಅವರ ಕೃತಿಗಳನ್ನು ಇಂದಿಗೂ ಹಾಡುತ್ತಾರೆ. ಅದೇ ಮಹಾರಾಜರು ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. 1940ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಪಟ್ಟಕ್ಕೆ ಬಂದರು. ರಾಜ್ಯದ ಹೊಣೆ ಹೆಗಲೇರಿದ ಮೇಲೂ ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ತರಿಸಿ ಕೂಡಿಟ್ಟರು. ಆ ಸಂಗ್ರಹ ಸುಮಾರು 20,000 ತಟ್ಟೆಗಳಷ್ಟಿತ್ತೆಂದು ಅಂದಾಜು. ಲೆಗ್ ಮೈಸೂರಿಗೇ ಬಂದು ಅರಮನೆಯ ಅತಿಥಿಯಾಗಿ ಉಳಿದರು. ಆ ದಿನಗಳ ಬೆರಗನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ಅವರು ದಾಖಲಿಸಿರುವಂತೆ ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಮಹಾರಾಜರೇ ಆದರು.

ನೆರವು ದೊಡ್ಡದು, ನಿಜ. ನನ್ನ ಮನಸ್ಸು ಹೆಚ್ಚು ಸೆಳೆಯುವುದು ಅವರು ಯಾವ ಸಂಗೀತಕ್ಕಾಗಿ ಆ ಹಣ ಕೊಟ್ಟರು ಎನ್ನುವುದು. ಜನಪ್ರಿಯವಾದದ್ದನ್ನೇ ಮತ್ತೆ ಮತ್ತೆ ನುಡಿಸಿ ಎಂದು ಅವರು ಕೇಳಲಿಲ್ಲ. ಬಲಕಿರೆವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ, ಇಂಥವನ್ನು ಕೇಳಬೇಕೆಂದು ಬಯಸಿದರು. ಲಂಡನ್ನಿನ ಕಚೇರಿಗಳಲ್ಲೇ ಅಪರೂಪವಾಗಿದ್ದ ಕೃತಿಗಳು ಇವು. 1949ರಲ್ಲಿ ಹರ್ಬರ್ಟ್ ಫಾನ್ ಕಾರಾಯಾನ್ ಫಿಲ್‌ಹಾರ್ಮೋನಿಯಾದಿಂದ ಇವೆರಡನ್ನೂ ಧ್ವನಿಮುದ್ರಿಸಿದರು. ಮುಂದೆ ಜಗತ್ತಿನ ಅತ್ಯಂತ ಪ್ರಸಿದ್ಧ ನಿರ್ದೇಶಕರಾದ ಕಾರಾಯಾನ್ ಯುದ್ಧದ ನಂತರ ಮತ್ತೆ ಬೆಳೆದದ್ದರಲ್ಲಿ ಈ ಆರ್ಕೆಸ್ಟ್ರಾದ ಪಾಲು ದೊಡ್ಡದು.

ಇನ್ನು ನಿಕೊಲಾಯ್ ಮೆಟ್ನರ್ ಅವರ ಸಂಗತಿ. ಮಾಸ್ಕೋದಲ್ಲಿ ಹುಟ್ಟಿದ ಈ ರಚನಕಾರ 1921ರಲ್ಲಿ ರಷ್ಯಾ ಬಿಟ್ಟವರು, ಊರೂರು ಸುತ್ತಿ 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತು. ಹೃದಯದ ಕಾಯಿಲೆ ಹಿಡಿಯಿತು. ಪಿಯಾನೋ ಬಲ್ಲವರು ಗೌರವಿಸುತ್ತಿದ್ದ, ಜನ ಮರೆಯುತ್ತಿದ್ದ ಹೆಸರು ಅವರದು. ಅವರ ಸಂಗೀತವನ್ನು ಮೆಚ್ಚಿದ್ದ ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ರಚನಕಾರರ ಬೆರಳುಗಳಿಂದಲೇ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದರು. ಅರವತ್ತೇಳರ ಆಸುಪಾಸಿನಲ್ಲಿದ್ದ, ದೇಹ ಕುಗ್ಗಿದ್ದ ಮೆಟ್ನರ್ ಫಿಲ್‌ಹಾರ್ಮೋನಿಯಾದೆದುರು ಅತಿಥಿ ಕಲಾವಿದರಾಗಿ ಕೂತು ತಮ್ಮ ಮೂರು ಪಿಯಾನೋ ಕನ್ಸರ್ಟೊಗಳನ್ನೂ ನುಡಿಸಿದರು. ಹಾಡುಗಳೂ ದಾಖಲಾದವು, ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಮೆಟ್ನರ್ ಅವರೇ ಪಿಯಾನೋ ನುಡಿಸಿದರು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಅವರ ಮೂರನೆಯ ಕನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಮಾಸ್ಕೋದ ಒಬ್ಬ ರಚನಕಾರ ತನ್ನ ಕೃತಿಯನ್ನು ತನ್ನ ಕೈಯಿಂದಲೇ ನುಡಿಸಿದ ಬಗೆ ಇಂದು ನಮಗೆ ಕೇಳಸಿಗುವುದು ಮೈಸೂರಿನ ಈ ನೆರವಿನಿಂದ.

1950ರ ಮೇ 22 ಇನ್ನೂ ದೊಡ್ಡ ದಿನ. ರಿಚರ್ಡ್ ಸ್ಟ್ರಾಸ್ 1948ರಲ್ಲಿ, ಎಂಬತ್ತನಾಲ್ಕರ ಹೊಸ್ತಿಲಲ್ಲಿ, ಆರ್ಕೆಸ್ಟ್ರಾ ಸಹಿತ ಹಾಡಲು ನಾಲ್ಕು ಹಾಡುಗಳನ್ನು ಬರೆದಿದ್ದರು. ಮೂರರ ಸಾಹಿತ್ಯ ಹರ್ಮನ್ ಹೆಸ್ಸೆಯದು, ಒಂದರದು ಐಖೆನ್‌ಡಾರ್ಫ್‌ನದು. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ, ಒಳ್ಳೆಯ ನಿರ್ದೇಶಕರೊಡನೆ, ಇವನ್ನು ಮೊದಲು ಹಾಡಬೇಕೆಂದು ಸ್ಟ್ರಾಸ್ ಆಸೆಪಟ್ಟಿದ್ದರು. 1949ರ ಸೆಪ್ಟೆಂಬರಿನಲ್ಲಿ ಅವರು ತೀರಿಹೋದರು. ಫಿಲ್‌ಹಾರ್ಮೋನಿಯಾ ಅವರ ಆಸೆ ನಡೆಸಿಕೊಟ್ಟಿತು. ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ನಿರ್ದೇಶನ, ಫ್ಲಾಗ್‌ಸ್ಟಾಡ್ ಗಾಯನ. ಕಚೇರಿಗೆ ನಷ್ಟವಾದರೆ ತುಂಬಿಕೊಡಲು 4,800 ಡಾಲರಿನ ಜಾಮೀನು ನಿಂತವರು ಮೈಸೂರಿನ ಮಹಾರಾಜರು. ಅವರು ಆ ಸಭಾಂಗಣದಲ್ಲಿ ಇರಲಿಲ್ಲ. ಅವರಿಗಾಗಿ ಧ್ವನಿಮುದ್ರಣ ಮಾಡಿ ಮೈಸೂರಿಗೆ ಕಳಿಸುವ ಏರ್ಪಾಟಾಗಿತ್ತು.

ಆ ನಾಲ್ಕು ಹಾಡುಗಳಲ್ಲಿ ಅತಿಥಿ ಮತ್ತು ಆರ್ಕೆಸ್ಟ್ರಾ ಬೇರೆ ಬೇರೆ ಎಂದು ಅನ್ನಿಸುವುದೇ ಇಲ್ಲ. ನಿದ್ದೆಗೆ ಜಾರುವ ಹಾಡಿನ ನಡುವೆ ಗಾಯಕಿ ಸುಮ್ಮನಾಗುತ್ತಾರೆ. ಒಂಟಿ ಪಿಟೀಲು ಆ ಎಳೆಯನ್ನು ಹಿಡಿದು ಮೇಲೇರುತ್ತದೆ. ಸೆಪ್ಟೆಂಬರ್ ಎಂಬ ಹಾಡು ಮುಗಿಯುವುದು ಹಾರ್ನ್ ವಾದ್ಯದ ದೀರ್ಘ ಸ್ವರಗಳಲ್ಲಿ. ಸ್ಟ್ರಾಸ್ ಅವರ ತಂದೆ ಮ್ಯೂನಿಕ್ಕಿನ ಹೆಸರಾಂತ ಹಾರ್ನ್ ವಾದಕರು, ಹೆಂಡತಿ ಪೌಲೀನ್ ಗಾಯಕಿ. ಆ ಮನೆತನದ ಎರಡು ಧ್ವನಿಗಳು ಈ ಹಾಡುಗಳಲ್ಲಿ ಒಟ್ಟಿಗೆ ಇವೆ. ಪೌಲೀನ್ ಇವನ್ನು ಸಭೆಯಲ್ಲಿ ಕೇಳಲಿಲ್ಲ. ಲಂಡನ್ ಕಚೇರಿಗೆ ಒಂಬತ್ತು ದಿನ ಮೊದಲು ತೀರಿಕೊಂಡಿದ್ದರು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರೀತಿಪಾತ್ರ ಹಾಡುಗಳಲ್ಲಿ ಈ ನಾಲ್ಕು ಸೇರಿವೆ. ಅಂದಿನ ಸಂಜೆ ಅವು ಯಾರಿಗೂ ಗೊತ್ತಿರದ ಹಾಡುಗಳು.

ಮೈಸೂರಿನ ನೆರವಿನ ಅವಧಿ ಮುಗಿಯುವ ಹೊತ್ತಿಗೆ ಫಿಲ್‌ಹಾರ್ಮೋನಿಯಾ ತನ್ನ ಕಾಲ ಮೇಲೆ ನಿಂತಿತ್ತು. 1951ರ ಮೇ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ರಾಯಲ್ ಫೆಸ್ಟಿವಲ್ ಹಾಲ್ ತೆರೆಯಿತು. 1952ರಲ್ಲಿ ಎಂಬತ್ತೈದು ವರ್ಷದ ನಿರ್ದೇಶಕ ಟಾಸ್ಕನೀನಿ ಅಲ್ಲಿಗೆ ಬಂದು ಎರಡು ಸಂಜೆಗಳಲ್ಲಿ ಬ್ರಾಮ್ಸ್‌ನ ನಾಲ್ಕೂ ಸಿಂಫನಿಗಳನ್ನು ಈ ಆರ್ಕೆಸ್ಟ್ರಾದಿಂದ ನುಡಿಸಿದರು. ಹೊರಗಿನ ಅತಿಥಿಗಳಷ್ಟೇ ದೊಡ್ಡವರು ಒಳಗೂ ಇದ್ದರು. ಹಾರ್ನ್ ವಾದಕ ಡೆನಿಸ್ ಬ್ರೇನ್ ಆರ್ಕೆಸ್ಟ್ರಾದ ಸಾಲಿನಲ್ಲಿ ಕೂತು ನುಡಿಸುತ್ತಿದ್ದವರು; 1953ರಲ್ಲಿ ಅದೇ ಸಂಗಡಿಗರ ಮುಂದೆ ನಿಂತು ಮೊಜಾರ್ಟನ ನಾಲ್ಕು ಹಾರ್ನ್ ಕನ್ಸರ್ಟೊಗಳನ್ನು ಧ್ವನಿಮುದ್ರಿಸಿದರು. 1957ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಎಡಿನ್‌ಬರೋದಿಂದ ರಾತ್ರಿ ಕಾರು ಓಡಿಸಿಕೊಂಡು ಬರುವಾಗ ಅಪಘಾತದಲ್ಲಿ ತೀರಿಕೊಂಡರು. ಅವರ ಮೊಜಾರ್ಟ್ ತಟ್ಟೆಗಳನ್ನು ಹಾರ್ನ್ ಕಲಿಯುವವರು ಈಗಲೂ ಕೇಳುತ್ತಾರೆ.

1964ರ ಮಾರ್ಚಿನಲ್ಲಿ ಲೆಗ್ ಆರ್ಕೆಸ್ಟ್ರಾವನ್ನು ನಿಲ್ಲಿಸುವುದಾಗಿ ಹೇಳಿಬಿಟ್ಟರು. ವಾದಕರು ಸಭೆ ಸೇರಿದರು. ಚದುರುವುದಿಲ್ಲ, ನಮ್ಮ ಆರ್ಕೆಸ್ಟ್ರಾವನ್ನು ನಾವೇ ನಡೆಸುತ್ತೇವೆ ಎಂದು ನಿರ್ಧರಿಸಿದರು. ಮುಖ್ಯ ನಿರ್ದೇಶಕ ಆಟೋ ಕ್ಲೆಂಪರರ್ ವಾದಕರ ಪಕ್ಷ ವಹಿಸಿದರು. ಅಕ್ಟೋಬರ್ 27ರಂದು, ಮೊದಲ ಕಚೇರಿಗೆ ಸರಿಯಾಗಿ ಹತ್ತೊಂಬತ್ತು ವರ್ಷ ತುಂಬಿದ ದಿನ, ಅವರು ಹೊಸ ಹೆಸರಿನಲ್ಲಿ ನುಡಿಸಿದ್ದು ಬೇತೋವನ್ನನ ಒಂಬತ್ತನೆಯ ಸಿಂಫನಿ. ಹಳೆಯ ಹೆಸರನ್ನು 1977ರಲ್ಲಿ ಮರಳಿ ಪಡೆದರು. ಇಂದಿಗೂ ಅದು ವಾದಕರೇ ನಡೆಸುವ ಆರ್ಕೆಸ್ಟ್ರಾ. ಒಂದು ಕಾಲದಲ್ಲಿ ಮಹಾರಾಜರೊಬ್ಬರು ಹೊತ್ತ ಹೊಣೆಯನ್ನು ದುಡಿಯುವ ಕಲಾವಿದರೇ ಹಂಚಿಕೊಂಡು ಹೊತ್ತರು.

ಭಾರತದಲ್ಲಿಯೂ ಇಂಥ ಋತುಗಳಿವೆ. ಮುಂಬೈಯಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿಯೇ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದರು. 2006ರಲ್ಲಿ ಅದೇ ನಗರದ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಹೊರದೇಶಗಳ ಅತಿಥಿ ಕಲಾವಿದರನ್ನು ಕರೆಸಿ ಋತುಗಳನ್ನು ನಡೆಸುತ್ತಿದೆ. ನಮ್ಮ ರಾಮನವಮಿ ಉತ್ಸವಗಳು, ಊರೂರಿನ ಸಂಗೀತ ಸಭೆಗಳು ನಡೆಯುವುದೂ ಚಂದಾದಾರರ ಬಲದಿಂದಲೇ. ಸಂಗೀತ ಯಾವುದೇ ಇರಲಿ, ಪ್ರಶ್ನೆ ಒಂದೇ: ಹೊಸಬರಿಗೆ, ಹೊಸ ಕೃತಿಗೆ ಯಾರು ಜಾಮೀನು ನಿಲ್ಲುತ್ತಾರೆ?

ಮಹಾರಾಜರಷ್ಟು ಸಿರಿ ನಮಗಿಲ್ಲ. ಆದರೆ ಅವರು ಕೊಟ್ಟದ್ದರಲ್ಲಿ ಹಣಕ್ಕಿಂತ ಬೆಲೆಯುಳ್ಳದ್ದು ಕೇಳದ ಸಂಗೀತದ ಮೇಲಿನ ಕುತೂಹಲ. ಅದು ಯಾರಿಗೂ ದುಬಾರಿಯಲ್ಲ. ಸಭೆಯ ಸದಸ್ಯರಾಗಿ. ವರ್ಷದ ಚಂದಾ ಕಟ್ಟಿ. ಪ್ರಸಿದ್ಧರ ಕಚೇರಿಗೆ ಹೋಗಿ. ಹೆಸರು ಕೇಳದ ಹುಡುಗಿಯೊಬ್ಬಳು ಸಂಜೆ ನಾಲ್ಕಕ್ಕೆ ಹಾಡುವ ಕಚೇರಿಗೂ ಹೋಗಿ. ಕಾರ್ಯಕ್ರಮ ಪಟ್ಟಿಯಲ್ಲಿ ಗೊತ್ತಿಲ್ಲದ ಕೃತಿ ಕಂಡಾಗ ಎದ್ದು ಕಾಫಿಗೆ ಹೋಗಬೇಡಿ.

ಶುರು ಮಾಡಲು ಒಂದು ಕೃತಿಯನ್ನು ಸೂಚಿಸುತ್ತೇನೆ. ಮೆಟ್ನರ್ ಅವರ ಮೂರನೆಯ ಪಿಯಾನೋ ಕನ್ಸರ್ಟೊ, ಮೈಸೂರಿಗೆ ಅರ್ಪಿತವಾದದ್ದು, ಇಂದು ಸುಲಭವಾಗಿ ಸಿಗುತ್ತದೆ. ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಈ ವಾರ ಬಿಡುವು ಮಾಡಿಕೊಂಡು ಕೇಳಿ.